ಸೋಂಕಿನ ಹರಿವಿನ ದಿಕ್ಕು: ಎಚ್‌ಐವಿಯ ತಳಿಪಾಠ ಮತ್ತು ರಕಾಯಿಯ ಮೀನುಗಾರ ಹಳ್ಳಿಗಳು

ಒಂದು ಸಮುದಾಯದಲ್ಲಿ ಎಚ್‌ಐವಿ ಸೋಂಕಿನ ಪ್ರಮಾಣ ಸುತ್ತಲಿನ ಊರುಗಳಿಗಿಂತ ಹಲವು ಪಟ್ಟು ಹೆಚ್ಚಿದ್ದರೆ ಸೋಂಕು ಅಲ್ಲಿಂದಲೇ ಹೊರಗೆ ಹರಡುತ್ತಿದೆ ಎಂದು ಭಾವಿಸುವುದು ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಬಹುಕಾಲ ನಡೆದುಬಂದಿದೆ. ಲೈಂಗಿಕ ವೃತ್ತಿಯ ಮಹಿಳೆಯರು, ಸೂಜಿಯ ಮೂಲಕ ಮಾದಕವಸ್ತು ಸೇವಿಸುವವರು, ವಲಸೆ ಕಾರ್ಮಿಕರು ಮೊದಲಾದವರನ್ನು ರೋಗದ ಮೂಲವೆಂದು ಕಾಣುವ ದೃಷ್ಟಿಗೂ ಇದೇ ಆಧಾರ. ಆದರೆ ಸೋಂಕಿನ ಪ್ರಮಾಣವು ಯಾರಲ್ಲಿ ಸೋಂಕಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದು ಎಲ್ಲಿಂದ ಬಂದಿತು ಎಂಬುದನ್ನಲ್ಲ. ಈ ಎರಡನೆಯ ಪ್ರಶ್ನೆಗೆ ವೈರಾಣುವಿನ ತಳಿವಿಜ್ಞಾನ ಕೊಟ್ಟಿರುವ ಉತ್ತರ, ಉಗಾಂಡದ ರಕಾಯಿ ಪ್ರದೇಶದ ಮಟ್ಟಿಗಾದರೂ, ಆ ಹಳೆಯ ಭಾವನೆಯನ್ನು ಅಲುಗಾಡಿಸಿದೆ.

ಎಚ್‌ಐವಿಯ ವಂಶವಾಹಿ ಪಾಠವು ಸುಮಾರು 9,700 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಎಳೆ. ಜೀವಕೋಶವನ್ನು ಹೊಕ್ಕ ಮೇಲೆ ಅದನ್ನು ಡಿಎನ್‌ಎ ರೂಪಕ್ಕೆ ನಕಲು ಮಾಡುವ ಕಿಣ್ವಕ್ಕೆ ತಪ್ಪನ್ನು ಹಿಂದಿರುಗಿ ತಿದ್ದುವ ಶಕ್ತಿ ಇಲ್ಲದ ಕಾರಣ ಪ್ರತಿ ತಲೆಮಾರಿನಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಒಬ್ಬರ ದೇಹದಲ್ಲಿಯೇ ಪರಸ್ಪರ ಹೋಲುವ, ಆದರೆ ಒಂದೇ ಆಗಿರದ ಅಸಂಖ್ಯ ವೈರಾಣುಗಳು ನೆಲೆಸುತ್ತವೆ. ಓಲೆಗರಿಯ ಪ್ರತಿಗಳಲ್ಲಿನ ಪಾಠಾಂತರಗಳನ್ನು ಹೋಲಿಸಿ ಯಾವ ಪ್ರತಿ ಯಾವುದರಿಂದ ಇಳಿದುಬಂದಿದೆ ಎಂದು ಗ್ರಂಥಸಂಪಾದಕರು ನಿರ್ಣಯಿಸುವಂತೆ, ಇಲ್ಲಿಯೂ ಬದಲಾದ ಅಕ್ಷರಗಳ ಹೋಲಿಕೆಯಿಂದ ವೈರಾಣುಗಳ ವಂಶವೃಕ್ಷವನ್ನು ಕಟ್ಟಲಾಗುತ್ತದೆ. ಔಷಧ ನಿರೋಧಕತೆಯ ಪರೀಕ್ಷೆಗಾಗಿ ಓದಲಾಗುವ ‘ಪಾಲ್’ ಎಂಬ ವಂಶವಾಹಿ ಭಾಗದಲ್ಲಿ ಇಬ್ಬರ ವೈರಾಣುಗಳ ನಡುವಣ ಅಂತರ ನೂರಕ್ಕೆ 1.5ಕ್ಕಿಂತ ಕಡಿಮೆಯಿದ್ದರೆ ಅವರನ್ನು ಒಂದೇ ಪ್ರಸರಣ ಜಾಲಕ್ಕೆ ಸೇರಿಸುವುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ಇಂಥ ಸಾಮೀಪ್ಯದಿಂದ ದಿಕ್ಕು ತಿಳಿಯುವುದಿಲ್ಲ. ಇಬ್ಬರಿಗೂ ಮೂರನೆಯವರೊಬ್ಬರಿಂದ ಸೋಂಕು ತಗುಲಿರುವುದು ಸಾಧ್ಯ.

ದಿಕ್ಕನ್ನು ಅರಿಯಲು ಒಂದೇ ರಕ್ತದ ಮಾದರಿಯಲ್ಲಿರುವ ಹಲವಾರು ವೈರಾಣುಗಳ ಪಾಠಗಳನ್ನು ಬೇರೆಬೇರೆಯಾಗಿ ಓದಬೇಕಾಗುತ್ತದೆ. ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವಾಗ ಸಾಮಾನ್ಯವಾಗಿ ಒಂದೇ ಒಂದು ವೈರಾಣುವಿನ ಸಂತತಿ ಹೊಸ ದೇಹದಲ್ಲಿ ಬೇರೂರುತ್ತದೆ. ಆದುದರಿಂದ ಒಬ್ಬರ ವೈರಾಣುಗಳೆಲ್ಲವೂ ಇನ್ನೊಬ್ಬರ ವೈವಿಧ್ಯಮಯ ವೈರಾಣುಗಳ ಒಂದು ಕವಲಿನಿಂದಲೇ ಚಿಗುರಿದಂತೆ ವಂಶವೃಕ್ಷದಲ್ಲಿ ಕಂಡರೆ, ಸೋಂಕು ಎರಡನೆಯವರಿಂದ ಮೊದಲನೆಯವರ ಕಡೆಗೆ ಸಾಗಿರುವ ಸಂಭವ ಹೆಚ್ಚು.

ರಕಾಯಿಯಲ್ಲಿ 1994ರಿಂದ ನಡೆದುಬಂದಿರುವ ಸಮುದಾಯ ಅಧ್ಯಯನವು ಈ ವಿಧಾನಕ್ಕೆ ತಕ್ಕ ಭೂಮಿಕೆಯನ್ನು ಒದಗಿಸಿತು. ವಿಕ್ಟೋರಿಯಾ ಸರೋವರದ ದಂಡೆಯ ಮೀನುಗಾರ ಹಳ್ಳಿಗಳಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 40 ಮಂದಿಗೆ ಸೋಂಕಿದ್ದರೆ, ಒಳನಾಡಿನ ಕೃಷಿ ಗ್ರಾಮಗಳಲ್ಲಿಯೂ ಸಂತೆಯೂರುಗಳಲ್ಲಿಯೂ ಅದು ಇದರ ಅರ್ಧಕ್ಕೂ ಬಹಳ ಕೆಳಗಿತ್ತು. ದಂಡೆಯ ಈ ಹಳ್ಳಿಗಳಿಂದಲೇ ಒಳನಾಡಿಗೆ ಸೋಂಕು ಹರಿಯುತ್ತಿರಬೇಕೆಂಬ ಊಹೆ ಸಹಜವಾಗಿತ್ತು. 2011 ಮತ್ತು 2015ರ ನಡುವೆ 40 ಸಮುದಾಯಗಳಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಕಂಡದ್ದು ಬೇರೆಯೇ: ಬಹುಪಾಲು ಸೋಂಕು ದಂಡೆಯವರ ನಡುವೆ ದಂಡೆಯಲ್ಲಿ, ಒಳನಾಡಿನವರ ನಡುವೆ ಒಳನಾಡಿನಲ್ಲಿ ದಾಟಿತ್ತು, ಎರಡರ ನಡುವಿನ ಅಲ್ಪ ಹರಿವಿನಲ್ಲಿಯೂ ಒಳನಾಡಿನಿಂದ ದಂಡೆಗೆ ಬಂದುದೇ ಹೆಚ್ಚು. ವಲಸೆಯನ್ನು ಕುರಿತ ಅಧ್ಯಯನವೂ ಇದಕ್ಕೆ ಹೊಂದುವಂತಿದೆ, ಏಕೆಂದರೆ ದುಡಿಮೆಯನ್ನರಸಿ ದಂಡೆಗೆ ಬಂದು ನೆಲೆಸಿದವರಲ್ಲಿ ಸೋಂಕಿನ ಪ್ರಮಾಣ ಹೆಚ್ಚಾಗಿಯೇ ಇತ್ತು. ಸುತ್ತಲಿನ ನಾಡಿಗೆ ರೋಗ ಹಂಚುವವರೆಂಬ ಹೊರೆಯನ್ನು ಹೊತ್ತಿದ್ದ ಜನ, ನಿಜದಲ್ಲಿ, ಕೊಟ್ಟದ್ದಕ್ಕಿಂತ ಹೆಚ್ಚನ್ನು ಪಡೆದವರಾಗಿದ್ದರು.

ಹಾಗೆಂದು ದಂಡೆಯ ಹಳ್ಳಿಗಳಿಗೆ ಚಿಕಿತ್ಸೆಯ ಅಗತ್ಯ ಕಡಿಮೆಯೆಂದು ಇದರಿಂದ ಸಾಧಿಸಲಾಗದು. ಅಲ್ಲಿ ಚಿಕಿತ್ಸೆ ಪಡೆಯುವ ಸೋಂಕಿತರ ಪ್ರಮಾಣವು ನೂರಕ್ಕೆ 16ರಿಂದ 82ಕ್ಕೆ ಏರಿ, ಪುರುಷರ ಸುನ್ನತಿಯೂ ವ್ಯಾಪಕವಾದಾಗ, 2011ರಿಂದ 2017ರವರೆಗಿನ ಅವಧಿಯಲ್ಲಿ ಹೊಸ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ತಳಿಪಾಠದ ಸಾಕ್ಷ್ಯದಿಂದ ತಿಳಿಯುವುದು ಇಷ್ಟು: ದಂಡೆಯ ಮೇಲಣ ಯಶಸ್ಸು ಒಳನಾಡಿನ ಸಾಂಕ್ರಾಮಿಕವನ್ನು ತಾನಾಗಿ ತಡೆಯದು, ಅಲ್ಲಿಗೂ ಔಷಧ ಅಷ್ಟೇ ನಿಷ್ಠೆಯಿಂದ ತಲುಪಬೇಕು.

ಇದೇ ವಿಧಾನ ವ್ಯಕ್ತಿಗಳ ವಿರುದ್ಧ ತಿರುಗಬಹುದೆಂಬ ಆತಂಕವನ್ನು ಲಘುವಾಗಿ ಕಾಣುವಂತಿಲ್ಲ. ರಕಾಯಿಯ ಸಂಶೋಧಕರು ದಿಕ್ಕಿನ ನಿರ್ಣಯದಲ್ಲಿ ನೂರಕ್ಕೆ ಸುಮಾರು 16ರಷ್ಟು ದೋಷವನ್ನು 2019ರಲ್ಲಿ ಅಂದಾಜಿಸಿ, ಸಮುದಾಯಗಳ ಮಟ್ಟದ ಅನುಮಾನಗಳಿಗೆ ಇದು ಸಾಕಾದರೂ ನ್ಯಾಯಾಲಯದಲ್ಲಿ ಒಬ್ಬರ ವಿರುದ್ಧ ಸಾಕ್ಷ್ಯವಾಗಿ ಬಳಸಲಾಗದೆಂದು ಸ್ಪಷ್ಟವಾಗಿ ಬರೆದರು. ಮಾದರಿ ಕೊಡದ ಮಧ್ಯವರ್ತಿಯೊಬ್ಬರು ಸರಪಳಿಯಲ್ಲಿ ಇದ್ದಿರಬಹುದಾದ ಸಾಧ್ಯತೆಯನ್ನು ಯಾವ ವಂಶವೃಕ್ಷವೂ ಪೂರ್ತಿ ಅಳಿಸಲಾರದು. ಬಹುಮಟ್ಟಿಗೆ ‘ಸಿ’ ಉಪಪ್ರಭೇದದ ವೈರಾಣುವೇ ಹಬ್ಬಿರುವ ಭಾರತದಲ್ಲಿ ಇಂಥ ಅಧ್ಯಯನ ನಡೆಯುವಾಗ, ಸಂಶೋಧನೆಗೆ ತಿಳಿದು ಕೊಟ್ಟ ಒಪ್ಪಿಗೆಯನ್ನೂ ಸೋಂಕಿನ ವಿಷಯದ ಗೋಪ್ಯತೆಯನ್ನೂ ಕಡ್ಡಾಯಗೊಳಿಸಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಅದಕ್ಕೆ ಅನ್ವಯಿಸುತ್ತದೆ. ಆದರೆ ಸಹಿಯೊಂದೇ ಸಾಲದು. ಮೈಸೂರಿನ ಆಶೋದಯ ಸಮಿತಿಯಂತೆ ಲೈಂಗಿಕ ವೃತ್ತಿಯವರೇ ನಡೆಸುವ ಸಂಘಟನೆಗಳು ಇರುವ ಕಡೆ, ಯಾವ ಪ್ರಶ್ನೆಯನ್ನು ಕೇಳಬೇಕು, ಜಾಲದ ನಕ್ಷೆಯನ್ನು ಯಾರು ನೋಡಬಹುದು, ಪೊಲೀಸರು ಕೇಳಿದರೆ ಏನು ಮಾಡಬೇಕು ಎಂಬುದನ್ನು ಮಾದರಿ ಸಂಗ್ರಹಿಸುವ ಮೊದಲೇ ಆ ಸದಸ್ಯರೊಡನೆ ಕುಳಿತು ತೀರ್ಮಾನಿಸುವುದು ಸಂಶೋಧಕರ ಕರ್ತವ್ಯ.