ಸೂಜಿಗಲ್ಲೂ ವಿದ್ಯುತ್ಪ್ರವಾಹವೂ: ಒಂದು ಕಾಲವಿಚಾರ

ಅಯಸ್ಕಾಂತವನ್ನು ನಮ್ಮ ಜನರು ಸೂಜಿಗಲ್ಲೆಂದು ಕರೆಯುವರು. ವಿದ್ಯುತ್ಪ್ರವಾಹಕ್ಕೂ ಅದಕ್ಕೂ ಇರುವ ಸಂಬಂಧವನ್ನು 1820ರಲ್ಲಿ ಕೋಪನ್‌ಹೇಗನ್ನಿನ ಓರ್ಸ್ಟೆಡ್ ಪಂಡಿತನು ತೋರಿಸಿದನು. ತಂತಿಯಲ್ಲಿ ಪ್ರವಾಹವು ಹರಿದೊಡನೆ ಬಳಿಯಲ್ಲಿದ್ದ ಕಾಂತಸೂಚಿಯು ತಿರುಗಿತು. ಆದರೆ ಅದನ್ನು ತಿರುಗಿಸಿದ್ದು ತಂತಿಯ ಸುತ್ತಲಿನ ಕಾಂತಕ್ಷೇತ್ರವು. ಪ್ರವಾಹವು ಸೂಚಿಯೊಳಗೆ ಹೊಕ್ಕಿರಲಿಲ್ಲ. ಅಯಸ್ಕಾಂತದೊಳಗೇ ಪ್ರವಾಹವನ್ನು ಹಾಯಿಸಿ ಅದರ ಕಾಂತದಿಕ್ಕನ್ನು ಬದಲಿಸುವದು ಬೇರೊಂದು ವಿಧಾನವು. ಇದರ ಆರಂಭವನ್ನು ಸಾಮಾನ್ಯವಾಗಿ 1996ನೆಯ ಇಸವಿಗೆ ಹೇಳುವರು. ಈ ಕಾಲನಿರ್ಣಯವು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಿಸುವೆವು.

ಎಲೆಕ್ಟ್ರಾನಿಗೆ ವಿದ್ಯುದಾವೇಶದೊಡನೆ ಭ್ರಮಣವೆಂಬ ಗುಣವೂ ಉಂಟೆಂದು 1925ರಲ್ಲಿ ಊಲನ್‌ಬೆಕ್, ಗೌಡ್‌ಸ್ಮಿಟ್ ಎಂಬವರು ಸೂಚಿಸಿದರು. ಅಥಣಿ, ರಾಯಬಾಗ, ಕಾಗವಾಡಗಳ ಸೀಮೆಯಲ್ಲಿ ಮಹಾಪೂರದ ಕೃಷ್ಣೆಯು ನೀರಿನೊಡನೆ ಮಣ್ಣನ್ನೂ ಹೊತ್ತು ತಂದು ದಂಡೆಯ ಹೊಲಗಳಲ್ಲಿ ಬಿಡುವಂತೆ, ಒಂದು ಅಯಸ್ಕಾಂತವನ್ನು ಹಾಯ್ದು ಬಂದ ಪ್ರವಾಹವು ಆವೇಶದೊಡನೆ ಒಂದೇ ದಿಕ್ಕಿನ ಭ್ರಮಣವನ್ನೂ ತಂದು ಮುಂದಿನ ಅಯಸ್ಕಾಂತಕ್ಕೆ ಒಪ್ಪಿಸುವದು. ಪ್ರವಾಹವು ಸಾಕಷ್ಟು ಪ್ರಬಲವಾಗಿದ್ದರೆ ಆ ಎರಡನೆಯದರ ಕಾಂತದಿಕ್ಕು ಹೊರಳುವದು.

1996ರಲ್ಲಿ ಸ್ಲೊನ್ಚೆವ್ಸ್ಕಿ, ಬರ್ಗರ್ ಎಂಬಿಬ್ಬರು ಪರಸ್ಪರ ಸ್ವತಂತ್ರವಾಗಿ ಈ ಪರಿಣಾಮವನ್ನು ಗಣಿತದಿಂದ ನಿರೂಪಿಸಿದರೆಂಬುದು ನಿಜವೇ. ಆದರೆ ಅಯಸ್ಕಾಂತದ ಒಳಗಿನ ಕಾಂತವಲಯಗಳನ್ನು ಪ್ರವಾಹವು ಎಳೆದೊಯ್ಯಬಲ್ಲದೆಂದು ಬರ್ಗರನು 1978ರಲ್ಲಿಯೇ ಬರೆದಿದ್ದನು. 1985ರಲ್ಲಿ ಫ್ರೈಟಾಸನೊಡನೆ ನಿಕಲ್-ಕಬ್ಬಿಣ ಮಿಶ್ರಲೋಹದ ತೆಳು ಪದರಗಳಲ್ಲಿ ವಲಯಗಳ ಗಡಿಗಳ ಮೇಲೆ ಪ್ರವಾಹದ ಪ್ರಭಾವವನ್ನು ಕಂಡುದನ್ನೂ ಪ್ರಕಟಿಸಿದನು. ಹಾಗಿದ್ದೂ ಆ ವಿಚಾರವು ಬಹುಕಾಲ ಮೂಲೆಯಲ್ಲಿ ಉಳಿಯಲು ಕಾರಣವೇನು? ಕಾರಣವು ಗಾತ್ರವೆಂದು ತೋರುವದು. ದೊಡ್ಡ ತುಂಡಿಗೆ ಅತಿ ಹೆಚ್ಚಿನ ಪ್ರವಾಹವು ಬೇಕು. ಅಷ್ಟು ಪ್ರವಾಹದ ಕಾಂತಕ್ಷೇತ್ರವೇ ಭ್ರಮಣದ ಕೆಲಸವನ್ನು ಮುಚ್ಚಿಬಿಡುವದು. 2000ರಲ್ಲಿ ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಕಾಟಿನ್ ಮೊದಲಾದವರು, ಎರಡು ಕೋಬಾಲ್ಟ್ ಪದರಗಳ ನಡುವೆ ತಾಮ್ರವನ್ನಿಟ್ಟು, ಸುಮಾರು 100 ನ್ಯಾನೊಮೀಟರ್ ಅಗಲದ ಕಿರುಗಂಬವನ್ನು ರಚಿಸಿದರು. ಪ್ರವಾಹವನ್ನು ಒಂದು ಕಡೆಗೆ ಹರಿಸಿದಾಗ ಎರಡೂ ಪದರಗಳ ಕಾಂತದಿಕ್ಕು ಒಂದಾಯಿತು. ತಿರುಗಿಸಿ ಹರಿಸಿದಾಗ ಪರಸ್ಪರ ವಿರುದ್ಧವಾಯಿತು. ವಿದ್ಯುತ್ತು ನಿಂತರೂ ಅಳಿಯದ ಕೆಲವು ಗಣಕಸ್ಮೃತಿಗಳು ಈ ತತ್ತ್ವದಿಂದ ನಿರ್ಮಿತವಾಗಿವೆ.

ಓಲೆಯ ಪ್ರತಿಯ ಕಾಲವು ಕವಿಯ ಕಾಲವಲ್ಲವೆಂಬುದನ್ನು ನಮ್ಮ ವಿದ್ವಾಂಸರು ಬಲ್ಲರು. ಇಲ್ಲಿಯೂ 1996 ಪೂರ್ಣನಿರೂಪಣೆಯ ವರ್ಷವೇ ಹೊರತು ವಿಚಾರದ ಜನ್ಮವರ್ಷವಲ್ಲ. 2013ರಲ್ಲಿ ಅಮೇರಿಕೆಯ ಭೌತವಿಜ್ಞಾನ ಸಂಘವು ಇಬ್ಬರಿಗೂ ಬಕ್ಲಿ ಪಾರಿತೋಷಕವನ್ನಿತ್ತು ಗೌರವಿಸಿದ್ದು ಯೋಗ್ಯವೇ. ಆದರೆ 1978ರ ಬರಹವನ್ನು ಬಿಟ್ಟು ಬರೆದ ಇತಿಹಾಸವು ಅಪೂರ್ಣವೆಂದೇ ನಮ್ಮ ಅಭಿಪ್ರಾಯವು.