ಭಯವನ್ನು ಕೃಷಿ ಮಾಡಿದ ಮನೆತನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯವರಾದ ನಮಗೆ ದೆವ್ವದ ಕಥೆಗಳಿಗೆ ಬರವಿಲ್ಲ. ಆದರೆ ದೆವ್ವವನ್ನೇ ಮನೆತನದ ಕಸುಬಾಗಿ ಮಾಡಿಕೊಂಡವರು ಮುಂಬಯಿಯ ರಾಮ್ಸೆ ಸಹೋದರರು. ಅವರ ಚರಿತ್ರೆಯಲ್ಲಿ ನನಗೆ ಎದ್ದು ಕಾಣುವುದು ದೆವ್ವವಲ್ಲ, ಒಂದು ಅವಿಭಕ್ತ ಕುಟುಂಬ.

ತಂದೆ ಫತೇಚಂದ್ ರಾಮ್‌ಸಿಂಘಾನಿಯವರು ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವರು. ಆಂಗ್ಲ ಗಿರಾಕಿಗಳ ನಾಲಗೆಯಲ್ಲಿ ಆ ಹೆಸರು ಸವೆದು 'ರಾಮ್ಸೆ' ಆಯಿತು. 1947ರ ದೇಶವಿಭಜನೆ ಅವರನ್ನು ಮುಂಬಯಿಗೆ ತಂದಿತು. ಅಲ್ಲಿ ಅವರು ಚಿತ್ರನಿರ್ಮಾಣಕ್ಕೆ ಕೈಹಾಕಿದರು. 1970ರ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಸೋತಿತು. ಆದರೆ ಪೃಥ್ವಿರಾಜ ಕಪೂರರು ವಿಕಾರ ಮುಖವಾಡ ತೊಟ್ಟು ಕಳವಿಗೆ ಬರುವ ದೃಶ್ಯಕ್ಕೆ ಜನ ಬೆಚ್ಚಿದುದನ್ನು ಮಕ್ಕಳು ಕಂಡರು. ಅದರ ಫಲ, 1972ರ 'ದೋ ಗಜ್ ಜಮೀನ್ ಕೇ ನೀಚೇ'.

ಮಕ್ಕಳು ಏಳು ಮಂದಿ. ಕಥೆ ಕುಮಾರರದು, ಕ್ಯಾಮೆರಾ ಗಂಗುವಿನದು, ಧ್ವನಿ ಕಿರಣರದು, ಸಂಕಲನ ಅರ್ಜುನರದು. ನಿರ್ದೇಶನ ತುಳಸಿ ಮತ್ತು ಶ್ಯಾಮರದು. ಕೇಶು ಎಲ್ಲಕ್ಕೂ ಒದಗುವವರು. ಬಿಡಾರ ಮಹಾಬಲೇಶ್ವರದ ಅತಿಥಿಗೃಹದಲ್ಲಿ. ಅಡಿಗೆ ಮನೆಯ ಹೆಂಗಸರದು. ಕೊನೆಕೊಯ್ಲಿನ ದಿನಗಳಲ್ಲಿ ಒಬ್ಬರು ಸುಲಿದು, ಒಬ್ಬರು ಬೇಯಿಸಿ, ಒಬ್ಬರು ಒಣಗಿಸುವ ನಮ್ಮ ಅಡಕೆಯ ಮನೆಗಳಿಗೆ ಈ ಏರ್ಪಾಡು ಅಪರಿಚಿತವಲ್ಲ. ಕಡಿಮೆ ಬಂಡವಾಳದಲ್ಲಿ ಅವರು ಉಳಿದದ್ದು ಇದರಿಂದಲೇ. 1984ರಲ್ಲಿ ಭರ್ಜರಿ ಯಶಸ್ಸು ತಂದ 'ಪುರಾನಾ ಮಂದಿರ್' ಕೂಡ ವಂಶಕ್ಕೆ ತಟ್ಟಿದ ಶಾಪದ ಕಥೆಯೇ.

ಮುಂದೆ ಕೇಶು ಬೇರೆಯಾಗಿ ಚಿತ್ರ ಮಾಡಿದರು. 1993ರಲ್ಲಿ ದೆವ್ವಗಳು ಕಿರುತೆರೆಗೆ ನಡೆದವು. ತುಳಸಿ 2018ರಲ್ಲಿ, ಶ್ಯಾಮ್ 2019ರಲ್ಲಿ ತೀರಿಕೊಂಡರು. ವಿಮರ್ಶಕರು ಆ ಚಿತ್ರಗಳನ್ನು ಹಗುರವಾಗಿ ಕಂಡರು. ಚಿತ್ರಗಳ ಗುಣದೋಷ ಏನೇ ಇರಲಿ, ಮನೆಗಳು ಪಾಲಾಗುವುದನ್ನು ಕಂಡ ನಮ್ಮ ಸೀಮೆಯವರು ಆ ಒಂದು ಒಲೆಯ ದುಡಿಮೆಯನ್ನು ಹಗುರವಾಗಿ ಕಾಣಲಾರರು.