ನಕ್ಷೆ, ಉಳಿ ಮತ್ತು ಬೀಜಗಣಿತ: ಅಮೆರಿಕದ ಪ್ರೌಢಶಾಲೆಗಳಲ್ಲಿ ಕೈಗಾರಿಕಾ ಶಿಕ್ಷಣ

ಅಮೆರಿಕದ ಪ್ರೌಢಶಾಲೆಗಳಲ್ಲಿ ಮರಗೆಲಸ, ಲೋಹಗೆಲಸ, ನಕ್ಷೆ ರಚನೆ, ಕಟ್ಟಡ ನಿರ್ಮಾಣ ಇವನ್ನು ಕಲಿಸುತ್ತಿದ್ದ ತರಗತಿಗಳು ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಸೊರಗಿದವು. ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುತ್ತಾರೆ: ಕಂಪ್ಯೂಟರ್ ಬಂತು, ಎಲ್ಲ ಮಕ್ಕಳೂ ಕಾಲೇಜಿಗೇ ಹೋಗಬೇಕೆಂಬ ಹಂಬಲ ಬೆಳೆಯಿತು. ಎರಡೂ ನಿಜವೇ. ಆದರೆ ಈ ವಿಷಯದ ಬೇರು ಸಡಿಲಗೊಂಡದ್ದು ಅದಕ್ಕೂ ಬಹಳ ಹಿಂದೆ, 1917ರ ಹೊತ್ತಿಗೆ, ಎಂಬುದು ಈ ಲೇಖನದ ವಾದ. ಬೀಜಗಣಿತ ಕಲಿಯುವ ವಿದ್ಯಾರ್ಥಿಯೇ ನಕ್ಷೆ ಬಿಡಿಸಬೇಕು, ಆ ನಕ್ಷೆಯಂತೆ ತಾನೇ ಉಳಿ ಹಿಡಿದು ಕೆಲಸ ಮಾಡಬೇಕು ಎಂಬ ಮೂಲ ಕಲ್ಪನೆ ಆಗ ಒಡೆಯಿತು. ಒಡೆದ ಮೇಲಿನ ರೂಪವೇ ಮುಂದೆ ಭಾರತಕ್ಕೂ, ಮೈಸೂರಿಗೂ ಬಂತು.

ಶಾಲೆಯೊಳಕ್ಕೆ ಮೊದಲು ಬಂದದ್ದು ಹತ್ಯಾರಲ್ಲ, ನಕ್ಷೆ. 1870ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಸಾರ್ವಜನಿಕ ಶಾಲೆಗಳಲ್ಲಿ ರೇಖಾಚಿತ್ರವನ್ನು ಕಡ್ಡಾಯಗೊಳಿಸಿತು. ಹತ್ತು ಸಾವಿರಕ್ಕಿಂತ ಹೆಚ್ಚು ಜನರಿದ್ದ ಊರುಗಳು 15 ವರ್ಷ ದಾಟಿದವರಿಗೆ ಕೈಗಾರಿಕಾ ಚಿತ್ರರಚನೆಯನ್ನು ಉಚಿತವಾಗಿ ಕಲಿಸಬೇಕೆಂದೂ ವಿಧಿಸಿತು. ಅಲ್ಲಿನ ಗಿರಣಿ ಮಾಲೀಕರಿಗೆ ಯುರೋಪಿನ ಮಾಲಿನೊಡನೆ ಸೆಣಸಲು ವಿನ್ಯಾಸ ಬಲ್ಲವರು ಬೇಕಿದ್ದರು. ಕಲಿಸುವವರು ಊರಲ್ಲಿ ಇರಲಿಲ್ಲವಾದ್ದರಿಂದ ಇಂಗ್ಲೆಂಡಿನಿಂದ ವಾಲ್ಟರ್ ಸ್ಮಿತ್ ಅವರನ್ನು ಕರೆಸಿಕೊಂಡರು. ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಆರ್ಟ್ ಸ್ಕೂಲ್ 1873ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾಯಿತು.

ಹತ್ಯಾರು ಬಂದದ್ದು ರಷ್ಯಾದ ದಾರಿಯಿಂದ. ಮಾಸ್ಕೋದ ಇಂಪೀರಿಯಲ್ ಟೆಕ್ನಿಕಲ್ ಸ್ಕೂಲಿನ ನಿರ್ದೇಶಕ ವಿಕ್ಟರ್ ಡೆಲ್ಲಾ-ವೋಸ್ 1868ರಿಂದ ರೂಪಿಸಿದ ಕ್ರಮ ಕರಕೌಶಲದ ಬೋಧನೆಯನ್ನೇ ಬದಲಿಸಿತು. ಅಲ್ಲಿಯವರೆಗೆ ಬಡಗಿಯಾಗಲಿ ಕಮ್ಮಾರನಾಗಲಿ ವರ್ಷಗಟ್ಟಲೆ ಗುರುವಿನ ಪಕ್ಕದಲ್ಲಿ ನಿಂತು, ನೋಡಿ ನೋಡಿ ಕಲಿಯಬೇಕಿತ್ತು. ಅಂಥ ಕಲಿಕೆಯಲ್ಲಿ ಅಂದಂದಿನ ಪಾಠವನ್ನು ನಿರ್ಧರಿಸುತ್ತಿದ್ದದ್ದು ಗಿರಾಕಿ ತಂದ ಕೆಲಸ. ಡೆಲ್ಲಾ-ವೋಸ್ ಕೆಲಸವನ್ನು ಬಿಡಿಸಿ ನೋಡಿದರು. ಮರಗೆಲಸ, ಕಡೆತ, ಕುಲುಮೆ, ಲೋಹದ ಫಿಟ್ಟಿಂಗ್ ಒಂದೊಂದನ್ನೂ ಅದರ ಮೂಲ ಕ್ರಿಯೆಗಳಾಗಿ ವಿಂಗಡಿಸಿ, ಸುಲಭದಿಂದ ಕಠಿಣಕ್ಕೆ ಹೋಗುವ ಅಭ್ಯಾಸಗಳ ಸಾಲನ್ನು ಜೋಡಿಸಿದರು. ಕಲಿಕೆಯ ಕಾರ್ಯಾಗಾರ ಬೇರೆ, ಮಾರಾಟದ ವಸ್ತು ತಯಾರಿಸುವ ಕಾರ್ಯಾಗಾರ ಬೇರೆ. ಪ್ರತಿ ವಿದ್ಯಾರ್ಥಿಗೂ ತನ್ನದೇ ಮೇಜು, ತನ್ನದೇ ಹತ್ಯಾರು. ಪ್ರತಿ ಅಭ್ಯಾಸವೂ ನಕ್ಷೆಯಿಂದಲೇ ಶುರು. ಅರದ ಹಲ್ಲಿನ ಕೋನ ಕಣ್ಣಿಗೆ ಕಾಣಲೆಂದು ಹಲವು ಪಟ್ಟು ದೊಡ್ಡದು ಮಾಡಿದ ಮಾದರಿಗಳನ್ನೂ ಇಟ್ಟಿದ್ದರು. ಹೀಗೆ ಒಬ್ಬ ಶಿಕ್ಷಕ ಒಂದು ಇಡೀ ತರಗತಿಗೆ ಒಟ್ಟಿಗೇ ಕಲಿಸುವುದು ಸಾಧ್ಯವಾಯಿತು. ಕೈಕಸುಬು ಶಾಲೆಯ ವೇಳಾಪಟ್ಟಿಯೊಳಗೆ ಹಿಡಿಸುವಂತಾದದ್ದು ಈ ವಿಂಗಡಣೆಯಿಂದ.

1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನಕ್ಕೆ ರಷ್ಯನ್ನರು ಈ ಅಭ್ಯಾಸಗಳ ಮಾದರಿಗಳನ್ನು ತಂದರು. ಎಂ.ಐ.ಟಿ.ಯ ಅಧ್ಯಕ್ಷ ಜಾನ್ ರಂಕಲ್ ಅವನ್ನು ಕಂಡು, ಅದೇ ವರ್ಷ ತಮ್ಮ ಸಂಸ್ಥೆಯಲ್ಲಿ ಮೆಕ್ಯಾನಿಕ್ ಆರ್ಟ್ಸ್ ಶಾಲೆ ತೆರೆಯಲು ಮುಂದಾದರು. ಆದರೆ ಈ ಕ್ರಮವನ್ನು ಪ್ರೌಢಶಾಲೆಯ ವಯಸ್ಸಿನವರಿಗೆ ಒಗ್ಗಿಸಿದವರು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಕ್ಯಾಲ್ವಿನ್ ವುಡ್‌ವರ್ಡ್. ಯಂತ್ರಶಾಸ್ತ್ರ ಓದುತ್ತಿದ್ದ ತಮ್ಮ ವಿದ್ಯಾರ್ಥಿಗಳಿಗೆ ಮರದ ಸರಳ ಮಾದರಿಗಳನ್ನು ಮಾಡಲು ಹೇಳಿದಾಗ, ಆ ವಿದ್ಯಾರ್ಥಿಗಳಿಗೆ ಹತ್ಯಾರು ಹಿಡಿಯಲೂ ಬಾರದೆಂಬುದು ಅವರಿಗೆ ತಿಳಿಯಿತು. 1879ರಲ್ಲಿ ಸ್ಥಾಪನೆಯಾಗಿ 1880ರಲ್ಲಿ ಬಾಗಿಲು ತೆರೆದ ಮ್ಯಾನುಯಲ್ ಟ್ರೈನಿಂಗ್ ಸ್ಕೂಲ್ 14 ವರ್ಷ ತುಂಬಿದ ಹುಡುಗರಿಗೆ ಮೂರು ವರ್ಷಗಳ ಶಿಕ್ಷಣ ಕೊಟ್ಟಿತು. ದಿನಕ್ಕೆ ಒಂದು ಗಂಟೆ ನಕ್ಷೆ, ಎರಡು ಗಂಟೆ ಕಾರ್ಯಾಗಾರ, ಉಳಿದ ವೇಳೆ ಗಣಿತ, ವಿಜ್ಞಾನ, ಭಾಷೆ. ಇಲ್ಲಿ ಮಾರುವ ವಸ್ತು ತಯಾರಾಗುತ್ತಿರಲಿಲ್ಲ, ಯಾವುದೋ ಒಂದೇ ಕಸುಬಿಗೆ ಹುಡುಗನನ್ನು ಕಟ್ಟಿಹಾಕುತ್ತಲೂ ಇರಲಿಲ್ಲ. ಕಲಿಸಬೇಕಾದದ್ದು ಎಲ್ಲ ಕಸುಬುಗಳಿಗೂ ಸಾಮಾನ್ಯವಾದ ತತ್ವ ಎಂಬ ವುಡ್‌ವರ್ಡ್ ಅವರ ಪಟ್ಟು ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ನನಗೆ ಅನಿಸುತ್ತದೆ. 1884ರ ಹೊತ್ತಿಗೆ ಷಿಕಾಗೋ, ಟೊಲೀಡೊ, ಬಾಲ್ಟಿಮೋರ್‌ಗಳಲ್ಲಿ ಇದೇ ಬಗೆಯ ಶಾಲೆಗಳು ಎದ್ದವು.

ವಿರೋಧವೂ ವುಡ್‌ವರ್ಡ್ ಅವರ ಊರಿನಲ್ಲೇ ಹುಟ್ಟಿತು. 1880ರವರೆಗೆ ಸೇಂಟ್ ಲೂಯಿಸ್ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದು, ಮುಂದೆ ದೇಶದ ಶಿಕ್ಷಣ ಆಯುಕ್ತರಾದ ವಿಲಿಯಂ ಟೋರಿ ಹ್ಯಾರಿಸ್, ಮರ ಕಬ್ಬಿಣಗಳ ಕೆಲಸವನ್ನು ವ್ಯಾಕರಣ, ಗಣಿತ, ಚರಿತ್ರೆಗಳ ಸಾಲಿನಲ್ಲಿ ಕೂರಿಸಲು ಒಪ್ಪಲಿಲ್ಲ. ಮನುಷ್ಯಕುಲದ ಜ್ಞಾನಕ್ಕೆ ಬೀಗದ ಕೈ ಕೊಡುವ ವಿದ್ಯೆಗಳಿಗಷ್ಟೇ ಶಾಲೆಯ ಸಮಯ ಮೀಸಲು ಎಂಬುದು ಅವರ ನಿಲುವು. ಅದರಲ್ಲಿ ಗಾಂಭೀರ್ಯವಿದೆ. ಆದರೆ ಮೂರು ಆಯಾಮದ ವಸ್ತುವನ್ನು ಕಾಗದದ ಮೇಲೆ ಮೂರು ನೋಟಗಳಾಗಿ ಬಿಡಿಸುವುದು, ಕಾಗದದಿಂದ ಮತ್ತೆ ವಸ್ತುವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಕೂಡ ಒಂದು ಭಾಷೆಯ ಅಭ್ಯಾಸವೇ ಎಂಬುದನ್ನು ಹ್ಯಾರಿಸ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ಕಥೆ ಬೇರೆಯೇ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಜನರ ಮಕ್ಕಳಿಗಾಗಿ ಹುಟ್ಟಿದ ಹ್ಯಾಂಪ್ಟನ್ (1868), ಟಸ್ಕೀಗೀ (1881) ಸಂಸ್ಥೆಗಳಲ್ಲಿ ಕೈಗಾರಿಕಾ ಶಿಕ್ಷಣವೇ ಮುಖ್ಯವಾಯಿತು. ಎಂ.ಐ.ಟಿ.ಯ ಮೊದಲ ಕರಿಯ ಪದವೀಧರ ರಾಬರ್ಟ್ ಟೇಲರ್ 1892ರಲ್ಲಿ ಟಸ್ಕೀಗೀಗೆ ಬಂದು ವಾಸ್ತುಶಿಲ್ಪದ ನಕ್ಷೆ ರಚನೆ ಕಲಿಸಿದರು. ಅವರು ಬರೆದ ನಕ್ಷೆಗಳಂತೆ ವಿದ್ಯಾರ್ಥಿಗಳು ತಾವೇ ಇಟ್ಟಿಗೆ ಸುಟ್ಟು, ಗೋಡೆ ಎಬ್ಬಿಸಿ, ಆವರಣದ ಕಟ್ಟಡಗಳನ್ನು ಕಟ್ಟಿದರು. ನಕ್ಷೆಯೂ ನಿರ್ಮಾಣವೂ ಇಷ್ಟು ಹತ್ತಿರ ಬಂದದ್ದು ಅಪರೂಪ. ಹಾಗಿದ್ದೂ ಕರಿಯ ಚಿಂತಕ ಡು ಬಾಯ್ಸ್ ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಒಂದು ಜನಾಂಗಕ್ಕೆ ಕೈಕೆಲಸವನ್ನೇ ಮುಂದೆಮಾಡಿ ಉನ್ನತ ವಿದ್ಯೆಯನ್ನು ಹಿಂದಕ್ಕಿಟ್ಟರೆ, ಅದೇ ಶಿಕ್ಷಣ ಬೇಲಿಯೂ ಆಗುತ್ತದೆ.

ಆ ಬೇಲಿ 1917ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಕಾರ್ಖಾನೆಗಳಿಗೆ ತಕ್ಕ ಕೆಲಸಗಾರರನ್ನು ಶಾಲೆಯೇ ತಯಾರು ಮಾಡಬೇಕೆಂದು ಚಾರ್ಲ್ಸ್ ಪ್ರಾಸರ್, ಡೇವಿಡ್ ಸ್ನೆಡನ್ ಮೊದಲಾದವರು ವಾದಿಸಿದರು. ಇಂಥ ಪ್ರತ್ಯೇಕ ವ್ಯವಸ್ಥೆ ಮಕ್ಕಳನ್ನು ಮೊದಲೇ ವರ್ಗಗಳಾಗಿ ವಿಂಗಡಿಸುತ್ತದೆಂದು ತತ್ವಜ್ಞಾನಿ ಜಾನ್ ಡ್ಯೂಯಿ 1915ರಲ್ಲಿ ನ್ಯೂ ರಿಪಬ್ಲಿಕ್ ಪತ್ರಿಕೆಯಲ್ಲಿ ಸ್ನೆಡನ್ ಅವರೊಂದಿಗೆ ಚರ್ಚೆಗಿಳಿದರು. ಗೆದ್ದದ್ದು ಪ್ರಾಸರ್ ಪಕ್ಷ. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಕೃಷಿ, ಕಸುಬು, ಗೃಹವಿಜ್ಞಾನಗಳ ವೃತ್ತಿಶಿಕ್ಷಣಕ್ಕೆ ಕೇಂದ್ರದ ಹಣ ಕೊಟ್ಟಿತು. ಕಸುಬಿನ ಹಗಲು ತರಗತಿಗಳಲ್ಲಿ ಅರ್ಧದಷ್ಟು ಸಮಯ ಪ್ರಾಯೋಗಿಕ ಕೆಲಸಕ್ಕೆ ಮೀಸಲಾಗಬೇಕಿತ್ತು. ಹಣವಿದ್ದ ವೃತ್ತಿಶಿಕ್ಷಣ ಒಂದು ಕಡೆಗೆ ಹೋಯಿತು. ಎಲ್ಲರಿಗೂ ಎನ್ನುತ್ತಿದ್ದ ಸಾಮಾನ್ಯ ಕರಕೌಶಲ ಶಿಕ್ಷಣ, ಅಂದರೆ ‘ಇಂಡಸ್ಟ್ರಿಯಲ್ ಆರ್ಟ್ಸ್’, ಆ ಹಣವಿಲ್ಲದೆ ಇನ್ನೊಂದು ಕಡೆ ಉಳಿಯಿತು. ಕಾಲೇಜಿಗೆ ಹೋಗುವವರು ಎರಡರಿಂದಲೂ ದೂರವಾಗತೊಡಗಿದರು. ಹೆಣ್ಣುಮಕ್ಕಳಂತೂ ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾಯ್ದೆ ಜಾರಿಯಾಗುವವರೆಗೆ ಬಹುಪಾಲು ಶಾಲೆಗಳಲ್ಲಿ ಗೃಹವಿಜ್ಞಾನದ ಕೋಣೆಯಲ್ಲೇ ಇದ್ದರು.

ಒಡಕನ್ನು ಬೆಸೆಯಲು ನಡೆದ ದೊಡ್ಡ ಯತ್ನಗಳು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವು. ವಿಲಿಯಂ ವಾರ್ನರ್ 1947ರಲ್ಲಿ ತಂತ್ರಜ್ಞಾನವನ್ನೇ ಪಠ್ಯದ ಕೇಂದ್ರವಾಗಿಸುವ ಯೋಜನೆ ಮಂಡಿಸಿದರು. 1965ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜೊತೆ ಶುರುವಾದ ಪಠ್ಯಕ್ರಮ ಯೋಜನೆ ‘ದಿ ವರ್ಲ್ಡ್ ಆಫ್ ಕನ್‌ಸ್ಟ್ರಕ್ಷನ್’ ಎಂಬ ಕೋರ್ಸನ್ನು ರೂಪಿಸಿತು. ನಿವೇಶನದ ಆಯ್ಕೆ, ಮೋಜಣಿ, ಗುತ್ತಿಗೆ, ಕಾರ್ಮಿಕರ ವೇತನದ ಮಾತುಕತೆ, ನಗರ ಯೋಜನೆ ಇವೆಲ್ಲವೂ ಅದರಲ್ಲಿ ಸೇರಿದ್ದವು. ಮೊಳೆ ಹೊಡೆಯುವುದಷ್ಟೇ ನಿರ್ಮಾಣವಲ್ಲ ಎಂದು ಕಿಶೋರರಿಗೆ ತಿಳಿಸಿದ ಪಠ್ಯ ಅದು. ಆದರೆ 1982ರಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೊಕ್ಯಾಡ್ ಬಂದು ಟಿ-ಸ್ಕ್ವೇರು, ಡ್ರಾಯಿಂಗ್ ಬೋರ್ಡುಗಳು ಕ್ರಮೇಣ ಮೂಲೆ ಸೇರಿದವು; 1983ರ ‘ಎ ನೇಷನ್ ಅಟ್ ರಿಸ್ಕ್’ ವರದಿ ಶೈಕ್ಷಣಿಕ ವಿಷಯಗಳ ಕಡೆಗೆ ಶಾಲೆಗಳನ್ನು ದೂಡಿತು.

ಈ ಒಡೆದ ರೂಪವೇ ಭಾರತಕ್ಕೂ ಬಂತು. ಇಲ್ಲಿನ ಮಾಧ್ಯಮಿಕ ಶಿಕ್ಷಣ ಆಯೋಗ 1952ರಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯಲ್ಲಿ ರಚನೆಯಾದಾಗ ಅಮೆರಿಕದ ಕೆನೆತ್ ರಾಸ್ಟ್ ವಿಲಿಯಮ್ಸ್ ಅದರ ಸದಸ್ಯರಾಗಿದ್ದರು. ಆಯೋಗ ಸೂಚಿಸಿದ ಬಹೂದ್ದೇಶ ಶಾಲೆಗಳಲ್ಲಿ ಏಳು ಕವಲುಗಳು; ತಾಂತ್ರಿಕ ಕವಲಿನಲ್ಲಿ ಜ್ಯಾಮಿತೀಯ ರೇಖಾಚಿತ್ರ ಮತ್ತು ಎಂಜಿನಿಯರಿಂಗ್ ಮೂಲಾಂಶಗಳು. ಇವಕ್ಕೆ ಶಿಕ್ಷಕರನ್ನು ಒದಗಿಸಲೆಂದು 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರಗಳ ಜೊತೆಗೆ ಮೈಸೂರಿನಲ್ಲೂ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. ಸಲಹೆಗೆ ಬಂದವರು ಒಹಾಯೊ ಸ್ಟೇಟ್‌ನ ತಜ್ಞರೇ. ಆದರೆ ಕವಲುಗಳ ಶಾಲೆ ಇಲ್ಲಿಯೂ ನೆಲೆಯೂರಲಿಲ್ಲ. ಕೊಠಾರಿ ಆಯೋಗ (1964–66) ಹತ್ತನೆಯ ತರಗತಿಗೆ ಮುಂಚಿನ ಕವಲುಗಳನ್ನು ಕೈಬಿಟ್ಟು, ಎಲ್ಲರಿಗೂ ‘ಕಾರ್ಯಾನುಭವ’ ಇರಲೆಂದಿತು.

ಇಂದು ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮಟ್ಟದಲ್ಲಿ ಎಂಜಿನಿಯರಿಂಗ್ ಗ್ರಾಫಿಕ್ಸ್ ಓದುವವರು ಕಿರಿಯ ತಾಂತ್ರಿಕ ಶಾಲೆಗಳ ಮಕ್ಕಳು. ಮಿಕ್ಕವರಲ್ಲಿ ಬಹುಪಾಲು ಮಂದಿಗೆ ಡಿಪ್ಲೊಮಾಗೋ ಬಿ.ಇ.ಗೋ ಸೇರಿದ ಮೇಲೆಯೇ ಎಂಜಿನಿಯರಿಂಗ್ ನಕ್ಷೆ ರಚನೆಯ ಅಭ್ಯಾಸ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಿರಿ ಎನ್ನುತ್ತದೆ. ಹತ್ತು ದಿನದಲ್ಲಿ ಬಡಗಿಯ ಕೆಲಸವನ್ನು ಕಣ್ಣಾರೆ ನೋಡಬಹುದು, ಒಮ್ಮೆ ಕೈಯಾಡಿಸಲೂಬಹುದು. ನಕ್ಷೆ ಬಿಡಿಸಿ, ಅಳತೆ ಹಾಕಿ, ಕೊಯ್ದು, ಕೂಡದೆ ಹೋದ ಜಾಗವನ್ನು ನಕ್ಷೆಯಲ್ಲೇ ಹುಡುಕಿ, ಮತ್ತೆ ಕೊಯ್ಯುವುದಕ್ಕೆ ಅಷ್ಟು ಸಮಯ ಸಾಲದು. ವುಡ್‌ವರ್ಡ್ ದಿನಕ್ಕೆ ಮೂರು ಗಂಟೆಯಂತೆ ಮೂರು ವರ್ಷ ಇಟ್ಟುಕೊಂಡದ್ದು ಆ ಎರಡನೆಯ ಸಲದ ಕೊಯ್ತಕ್ಕಾಗಿ.